ದುಡಿಯ ಸದ್ದು ಯಾರನ್ನು ಕರೆಯುತ್ತಿದೆ? ‘ಚೋಮನ ದುಡಿ’ಯಿಂದ ‘ಕಾಂತಾರ’ದವರೆಗೆ ಒಂದು ಓದು

ಕನ್ನಡದ ಪ್ರಮುಖ ಕಾದಂಬರಿಗಳಲ್ಲಿ ಕ್ರೈಸ್ತ ಸಭೆಯು ಕಾಣಿಸಿಕೊಳ್ಳುವುದು ಅಪರೂಪ. ಶಿವರಾಮ ಕಾರಂತರ ‘ಚೋಮನ ದುಡಿ’ ಆ ಅಪರೂಪದ ಕೃತಿಗಳಲ್ಲೊಂದು. 1933ರಲ್ಲಿ ಪ್ರಕಟವಾದ ಈ ಪುಟ್ಟ ಕಾದಂಬರಿಯು ನಮ್ಮ ದೈವಶಾಸ್ತ್ರದ ತರಗತಿಗಳಿಗೂ ಪ್ರಸಂಗಪೀಠಗಳಿಗೂ ಹೊಸದಲ್ಲ. ದಲಿತರ ಬವಣೆಯನ್ನು ಕುರಿತು ಮಾತಾಡಬೇಕಾದಾಗಲೆಲ್ಲ ನಾವು ಚೋಮನನ್ನು ದೃಷ್ಟಾಂತವಾಗಿ ಕರೆತರುತ್ತೇವೆ. ಎರಡು ನಿಮಿಷ ಅವನ ಕಥೆಯನ್ನು ಹೇಳಿ, ನಿಟ್ಟುಸಿರುಬಿಟ್ಟು, ಸುವಾರ್ತೆಯ ಕಡೆಗೆ ತಿರುಗಿಕೊಳ್ಳುತ್ತೇವೆ. ಆ ಎರಡು ನಿಮಿಷಗಳಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವ ಸಂಗತಿಯೆಂದರೆ, ಕಥೆಯೊಳಗೆ ನಾವೂ ಇದ್ದೇವೆ ಎಂಬುದು. ಚೋಮನಿಗೆ ನೆಲ ಕೊಡುತ್ತೇವೆಂದು ಹೇಳುವವರು ನಮ್ಮವರು. ಅವನ ಮಗಳನ್ನು ಕೆಡಿಸುವವನೂ ನಮ್ಮವನೇ.

ಸಾಹಿತ್ಯವೂ ಸಿನಿಮಾವೂ ಅನ್ಯಾಯವನ್ನು, ಅಸ್ಮಿತೆಯನ್ನು, ಮನುಷ್ಯನ ಅತೃಪ್ತಿಯನ್ನು ಹೇಗೆ ಚಿತ್ರಿಸುತ್ತವೆ ಎಂಬ ಪ್ರಶ್ನೆಯನ್ನು ಸೇವೆಗೆ ಸಿದ್ಧರಾಗುತ್ತಿರುವವರು ಕೇಳಲೇಬೇಕು. ಆದರೆ ಆ ಪ್ರಶ್ನೆಯನ್ನು ನೋಟಕರಂತೆ ದೂರದಲ್ಲಿ ನಿಂತು ಕೇಳುವ ಸೌಕರ್ಯ ನಮಗಿಲ್ಲ. ಆದ್ದರಿಂದ ಈ ಬರಹದಲ್ಲಿ ನಾವು ಕರಾವಳಿಯ ಮಣ್ಣಿಗೆ ಸೇರಿದ ಎರಡು ಕಥನಗಳನ್ನು, 1933ರ ‘ಚೋಮನ ದುಡಿ’ಯನ್ನೂ 2022ರ ಚಲನಚಿತ್ರ ‘ಕಾಂತಾರ’ವನ್ನೂ, ಎದುರುಬದುರಾಗಿ ಇಟ್ಟುಕೊಂಡಿದ್ದೇವೆ. ಎರಡರಲ್ಲೂ ಪ್ರಶ್ನೆ ನೆಲದ್ದು. ಎರಡರಲ್ಲೂ ಪಂಜುರ್ಲಿ ಎಂಬ ದೈವವು ನಿರ್ಣಾಯಕ ಗಳಿಗೆಯಲ್ಲಿ ಎದುರಾಗುತ್ತದೆ. ನಡುವೆ, ಘಟ್ಟದ ಮೇಲಿನಿಂದ ದೇವನೂರ ಮಹಾದೇವರ ‘ಒಡಲಾಳ’ವನ್ನು ತಂದುಕೊಂಡಿದ್ದೇವೆ. ಅದಿಲ್ಲದೆ ಮೊದಲನೆಯದರ ಮಿತಿಯೂ ಎರಡನೆಯದರ ಅಬ್ಬರವೂ ಸರಿಯಾಗಿ ಕಾಣುವುದಿಲ್ಲ.

ಚೋಮನ ಆಸೆಯನ್ನು ಮೊದಲು ಅದರ ಅಳತೆಯಲ್ಲೇ ನೋಡೋಣ. ಅವನಿಗೆ ಬೇಕಾದುದು ಬೇಸಾಯಕ್ಕೆ ಒಂದು ತುಂಡು ಗದ್ದೆ. ಕಾಡಿನಲ್ಲಿ ದಿಕ್ಕುತಪ್ಪಿ ಸಿಕ್ಕಿದ ಎರಡು ಎತ್ತುಗಳನ್ನು ಸಾಕಿಕೊಂಡಿದ್ದಾನೆ. ಅವುಗಳಿಗೆ ನೊಗ ಹೂಡುವ ಹಕ್ಕು ಮಾತ್ರ ಹೊಲೆಯನಾಗಿ ಹುಟ್ಟಿದವನಿಗೆ ಇಲ್ಲ. ಅವನು ಧನಿ ಸಂಕಪ್ಪಯ್ಯನ ಮೂಲದಾಳು. ಈ ಸಂಕಪ್ಪಯ್ಯ ದುಷ್ಟನಲ್ಲ ಎಂಬುದನ್ನು ಕಾರಂತರು ಎಚ್ಚರದಿಂದ ಕಾಣಿಸಿದ್ದಾರೆ. ಅವನ ಮನಸ್ಸು ಕೊಂಚ ಕರಗುತ್ತದೆ ಕೂಡ. ಅಡ್ಡ ಬರುವವಳು ಅವನ ಮುದಿ ತಾಯಿ. ಅವಳ ಹಿಂದಿರುವುದು ಊರಿನ ಕಟ್ಟಳೆ. ಹೀಗೆ ಯಾರೊಬ್ಬರ ಕೈಯಲ್ಲೂ ಕತ್ತಿ ಕಾಣುವುದಿಲ್ಲ, ಆದರೂ ಚೋಮನ ಮನೆಯವರು ಒಬ್ಬೊಬ್ಬರಾಗಿ ಬೀಳುತ್ತಾರೆ. ಸಾಲ ತೀರಿಸಲು ಘಟ್ಟದ ಕಾಫಿತೋಟಕ್ಕೆ ಹೋದ ಇಬ್ಬರು ಮಕ್ಕಳಲ್ಲಿ ಚನಿಯ ರೋಗಕ್ಕೆ ತುತ್ತಾಗುತ್ತಾನೆ, ಗುರುವ ಕಿರಿಸ್ತಾನ ಹುಡುಗಿಯನ್ನು ಮದುವೆಯಾಗಿ ಅವಳ ಮತಕ್ಕೆ ಸೇರುತ್ತಾನೆ. ಕಿರಿಯ ಮಗ ನೀಲ ನೀರಿನಲ್ಲಿ ಮುಳುಗುವಾಗ ಮುಟ್ಟಿದರೆ ಮೈಲಿಗೆಯೆಂಬ ಕಾರಣಕ್ಕೆ ಅವನನ್ನು ಎತ್ತಲು ಯಾವ ಕೈಯೂ ಮುಂದಾಗುವುದಿಲ್ಲ. ಅನ್ಯಾಯವನ್ನು ಖಳನಾಯಕನಿಲ್ಲದೆ ತೋರಿಸುವ ಈ ಕಲೆ ಕಾದಂಬರಿಯ ದೊಡ್ಡ ಸಾಧನೆಯೆಂದು ನಾವು ಭಾವಿಸುತ್ತೇವೆ. ಪಾಪವನ್ನು ವ್ಯಕ್ತಿಯ ಕೃತ್ಯಗಳ ಪಟ್ಟಿಯಾಗಿ ಮಾತ್ರ ಬೋಧಿಸುವ ಅಭ್ಯಾಸವುಳ್ಳ ನಮಗೆ, ಒಳ್ಳೆಯವರೆನಿಸಿಕೊಂಡವರ ನಡುವೆಯೇ ಕೂಸೊಂದು ಮುಳುಗಿಹೋಗುವುದನ್ನು ವಿವರಿಸುವ ಶಬ್ದಗಳು ಬೇಗನೆ ಸಿಗುವುದಿಲ್ಲ.

ಇನ್ನು ಮಿಷನ್ನಿನ ವಿಚಾರ. ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದಿಳಿದದ್ದು 1834ರಲ್ಲಿ. ಕಾದಂಬರಿ ಬರುವ ಹೊತ್ತಿಗೆ ನೂರು ವರುಷ ತುಂಬಲು ಒಂದೇ ವರುಷ ಬಾಕಿ. ಶಾಲೆ, ಅಚ್ಚುಕೂಟ, ಹಂಚಿನ ಕಾರ್ಖಾನೆ, ನೇಯ್ಗೆ ಇವೆಲ್ಲ ಕರಾವಳಿಯ ಬದುಕಿನ ಭಾಗವಾಗಿದ್ದವು. ಜಾತಿಯಿಂದ ಹೊರಬಿದ್ದು ಜೀವನೋಪಾಯ ಕಳೆದುಕೊಂಡ ನವವಿಶ್ವಾಸಿಗಳಿಗೆ ಕೆಲಸವೂ ನೆಲೆಯೂ ಬೇಕಾಗಿದ್ದುದೇ ಆ ಉದ್ಯಮಗಳಿಗೆ ಒಂದು ಮುಖ್ಯ ಕಾರಣವೆಂಬುದು ನಮಗೆ ತಿಳಿದ ಇತಿಹಾಸ. ಒಳಗಿನಿಂದ ನೋಡಿದರೆ ಅದು ಪರಿಪಾಲನೆ. ಚೋಮನ ಅಂಗಳದಲ್ಲಿ ನಿಂತು ನೋಡಿದರೆ ಅದೇ ಸಂಗತಿ ಬೇರೊಂದು ರೂಪ ತಾಳುತ್ತದೆ: ಇವರ ಕಡೆ ಸೇರಿದರೆ ನೆಲ ಸಿಗುತ್ತದೆ, ಸೇರದಿದ್ದರೆ ಇಲ್ಲ. ಕಾರಂತರು ಮಿಷನರಿಗಳನ್ನು ಕಪಟಿಗಳೆಂದು ಬಣ್ಣಿಸಲು ಹೆಣಗಿಲ್ಲ. ಆ ಕೊಡುಗೆಯನ್ನು ಪಡೆಯುವವನ ಕಣ್ಣಿನಿಂದ ಅದನ್ನು ತೋರಿಸಿದ್ದಾರೆ. ನಮ್ಮ ಸಭೆಗಳ ಇತಿಹಾಸವನ್ನು ಬರೆದವರಲ್ಲಿ ಬಹುಮಂದಿ ಕೊಡುವವರ ಕಡೆಯಿಂದಲೇ ಬರೆದಿದ್ದಾರೆ. ಆದಕಾರಣ ಈ ಪುಟಗಳನ್ನು ಓದುವಾಗ ಸಿಟ್ಟಾಗುವ ಕ್ರೈಸ್ತ ಓದುಗನಿಗೆ ನಾವು ಕೊಡುವ ಸಲಹೆ, ಸಿಟ್ಟನ್ನು ಸ್ವಲ್ಪ ತಡೆದು ಇನ್ನೊಮ್ಮೆ ಓದಬೇಕು ಎಂಬುದಷ್ಟೇ.

ಏಕೆಂದರೆ ಅದಕ್ಕಿಂತ ಚುಚ್ಚುವ ಪಾತ್ರ ಇನ್ನೊಂದಿದೆ. ತೋಟದ ರೈಟರ್ ಮನ್ವೇಲ. ಸಾಲದ ಲೆಕ್ಕ ಅವನ ಪುಸ್ತಕದಲ್ಲಿದೆ. ಅಣ್ಣಂದಿರು ತೀರಿಸಲಾಗದ ಸಾಲವನ್ನು ಮೈಮುರಿದು ತೀರಿಸಲು ಚೋಮನ ಮಗಳು ಬೆಳ್ಳಿ ಘಟ್ಟಕ್ಕೆ ಹೋಗುತ್ತಾಳೆ. ಸಾಲ ತೀರುತ್ತದೆ, ತೀರಿದ್ದು ದುಡಿಮೆಯಿಂದಲ್ಲ. ಮನ್ವೇಲ ಎಂಬುದು ಇಮ್ಮಾನುವೇಲ ಎಂಬ ಹೆಸರು ಪರಂಗಿಯವರ ಬಾಯಿಂದ ಕರಾವಳಿಗೆ ಇಳಿದು ಬಂದ ರೂಪ. ದೇವರು ನಮ್ಮ ಕೂಡ ಇದ್ದಾನೆ ಎಂಬ ಅರ್ಥವನ್ನು ಮತ್ತಾಯನು ಯಾವ ಹೆಸರಿಗೆ ಬಿಡಿಸಿ ಹೇಳಿದ್ದಾನೋ ಆ ಹೆಸರನ್ನು ಹೊತ್ತವನು ಇಲ್ಲಿ ಬಡ ಹೆಣ್ಣಿನ ಶರೀರವನ್ನು ಪಡೆದು ಸಾಲವನ್ನು ಹೊಡೆದುಹಾಕುತ್ತಾನೆ. ಕಾರಂತರು ಇದನ್ನು ಉದ್ದೇಶಪೂರ್ವಕವಾಗಿ ಮಾಡಿದರೆಂದು ನಾವು ವಾದಿಸುವುದಿಲ್ಲ. ಅಂಥ ಹೆಸರು ಆ ಕಡೆ ಸಾಮಾನ್ಯ. ಆದರೆ ಪಠ್ಯವು ಬರೆದವನಿಗಿಂತ ಹೆಚ್ಚು ತಿಳಿದಿರುತ್ತದೆಂಬುದನ್ನು ಸತ್ಯವೇದದ ವ್ಯಾಖ್ಯಾನಕಾರರಿಗೆ ಯಾರೂ ಕಲಿಸಬೇಕಾಗಿಲ್ಲ. ಕರ್ತನು ಕಲಿಸಿದ ಪ್ರಾರ್ಥನೆಯಲ್ಲಿ ನಾವು ತಪ್ಪುಗಳೆಂದು ಹೇಳಿಕೊಳ್ಳುವ ಕಡೆ ಮತ್ತಾಯನ ಗ್ರೀಕ್ ಮೂಲದಲ್ಲಿರುವ ಪದ ಸಾಲಗಳು. ತಪ್ಪು ಎಂದೊಡನೆ ಅದು ಮನಸ್ಸಿನ ವಿಷಯವಾಗಿಬಿಡುತ್ತದೆ. ಸಾಲ ಎಂದರೆ ಲೆಕ್ಕದ ಪುಸ್ತಕ ಬರುತ್ತದೆ, ಅದನ್ನು ಬರೆಯುವ ರೈಟರನೂ ಬರುತ್ತಾನೆ. ಬೆಳ್ಳಿಯ ಕಥೆಯನ್ನು ಆ ಪ್ರಾರ್ಥನೆಯ ಪಕ್ಕದಲ್ಲಿಟ್ಟು ಓದಿದರೆ ಸಾಲಮನ್ನಾ ಎಂಬ ಮಾತನ್ನು ಅಷ್ಟು ಸಲೀಸಾಗಿ ಉಚ್ಚರಿಸಲಾಗದು.

(ಮನ್ವೇಲ ರೋಮನ್ ಕಥೊಲಿಕನಿರಬೇಕು, ಮಿಷನ್ನು ಪ್ರೊಟೆಸ್ಟಂಟರದು, ಆದ್ದರಿಂದ ಒಬ್ಬರ ಹೊಣೆ ಇನ್ನೊಬ್ಬರದಲ್ಲ ಎಂದು ಹೇಳಿ ಜಾರಿಕೊಳ್ಳುವವರೂ ಇದ್ದಾರೆ. ಚೋಮನ ಗುಡಿಸಲಿನಿಂದ ಈ ಭೇದ ಕಾಣಿಸುವುದಿಲ್ಲ.)

ನೀಲನ ಸಾವಿನ ಬಳಿಕ ಚೋಮ ಮತಾಂತರಕ್ಕೆ ಹೊರಡುತ್ತಾನೆ. ದಾರಿಯಲ್ಲಿ ಪಂಜುರ್ಲಿಯ ನೆನಪು, ಪಂಜುರ್ಲಿಯ ಅಂಜಿಕೆ ಅವನನ್ನು ಹಿಡಿದು ನಿಲ್ಲಿಸುತ್ತವೆ. ಅವನು ಹಿಂದಿರುಗುತ್ತಾನೆ, ಹಿಂದಿರುಗಿದವನ ಕಣ್ಣಿಗೆ ಬೀಳುವುದು ಬೆಳ್ಳಿ ಮತ್ತು ಮನ್ವೇಲ. ಈ ತಿರುವನ್ನು ವಿವರಿಸಲು ಎರಡು ಸಿದ್ಧ ಓದುಗಳಿವೆ. ಪೂರ್ವಿಕರ ಧರ್ಮದ ಮೇಲಿನ ನಿಷ್ಠೆ ಗೆದ್ದಿತು ಎಂದು ಒಂದು. ಭೂತಭಯವು ಬಡವನನ್ನು ಬೆಳಕಿನಿಂದ ತಡೆಯಿತು ಎಂದು ಮತ್ತೊಂದು. ಈ ಎರಡನೆಯದು ನಮ್ಮವರ ಹಳೆಯ ಓದು. ಎರಡೂ ಚೋಮನನ್ನು ಮತಗಳ ಪೈಪೋಟಿಯ ಪಣವಾಗಿ ಮಾಡುತ್ತವೆ. ಅವನು ಹೊರಟದ್ದು ಕ್ರಿಸ್ತನನ್ನು ಅರಸಿ ಅಲ್ಲ, ಗದ್ದೆಗಾಗಿ ಎಂಬುದನ್ನು ಕಾದಂಬರಿ ಮರೆಮಾಚಿಲ್ಲ. ಅವನು ಹಿಂದಿರುಗಿದ್ದರಿಂದ ಪಂಜುರ್ಲಿಯೂ ಅವನಿಗೆ ಗದ್ದೆ ಕೊಡಲಿಲ್ಲ. ನಿಲ್ಲಿಸಿದ ದೈವವು ಅವನಿಗೆ ಬಂಧುವಿನಂತೆ, ಸತ್ತ ಹಿರಿಯರಂತೆ ಹತ್ತಿರದ್ದು. ಆ ಹತ್ತಿರವನ್ನು ಬಿಟ್ಟುಕೊಟ್ಟರೆ ತಾನು ಯಾರು ಎಂಬುದು ಅವನಿಗೆ ಗೊತ್ತಾಗದೆ ಹೋಗುತ್ತಿತ್ತು. ಅಸ್ಮಿತೆಯೆಂದು ನಾವಿಂದು ಕರೆಯುವ ಭಾರವಾದ ಪದಾರ್ಥವನ್ನು ಕಾರಂತರು ಒಂದು ಹಿಂಜರಿಕೆಯಲ್ಲಿ ಹಿಡಿದಿದ್ದಾರೆ. ಒಂದು ಕಡೆ ನೆಲ, ಇನ್ನೊಂದು ಕಡೆ ತಾನು. ಎರಡನ್ನೂ ಒಟ್ಟಿಗೆ ಕೊಡುವವರು ಆ ಊರಿನಲ್ಲಿ ಯಾರೂ ಇರಲಿಲ್ಲ.

ಉಳಿದದ್ದು ದುಡಿ. ಮಗಳನ್ನು ಹೊರಗಟ್ಟಿ, ಎತ್ತುಗಳನ್ನು ಕಾಡಿಗೆ ಅಟ್ಟಿ, ಬಾಗಿಲು ಹಾಕಿಕೊಂಡು ಅವನು ಸಾಯುವ ತನಕ ಬಡಿಯುವ ಆ ಚರ್ಮವಾದ್ಯ. ದುಡಿಯ ಸದ್ದನ್ನು ಕ್ರೈಸ್ತ ಪ್ರಸಂಗಗಳಲ್ಲಿ ದೇವರಿಗೆ ಇಟ್ಟ ಮೊರೆಯೆಂದು ವ್ಯಾಖ್ಯಾನಿಸುವುದನ್ನು ನಾವು ಕೇಳಿದ್ದೇವೆ. ಪಠ್ಯದಲ್ಲಿ ಹಾಗಿಲ್ಲ. ಚೋಮ ಯಾರನ್ನೂ ಸಂಬೋಧಿಸುವುದಿಲ್ಲ. ಸಂತೋಷಕ್ಕೂ ಅದೇ ದುಡಿ, ದುಃಖಕ್ಕೂ ಅದೇ ದುಡಿ. ಈ ಸಂಬೋಧನೆಯಿಲ್ಲದಿರುವಿಕೆಯನ್ನು ಹಾಗೆಯೇ ಉಳಿಸಿಕೊಳ್ಳಬೇಕೆಂಬುದು ನಮ್ಮ ವಾದದ ತಿರುಳು. ಇದಕ್ಕೆ ಸತ್ಯವೇದದ ಆಧಾರವೂ ಉಂಟು. ವಿಮೋಚನಕಾಂಡ 2ನೆಯ ಅಧ್ಯಾಯದ ಕೊನೆಯಲ್ಲಿ ಇಸ್ರಾಯೇಲ್ಯರು ಬಿಟ್ಟಿಕೆಲಸದಿಂದ ನರಳುತ್ತಾರೆ, ಗೋಳಿಡುತ್ತಾರೆ. ಅವರು ದೇವರಿಗೆ ಮೊರೆಯಿಟ್ಟರೆಂದು ಆ ವಾಕ್ಯಗಳು ಹೇಳುವುದಿಲ್ಲ. ಗೋಳು ತಾನಾಗಿ ದೇವರ ಬಳಿಗೆ ಮುಟ್ಟಿತು, ದೇವರು ಕೇಳಿದನು ಎನ್ನುತ್ತವೆ. ಗೋಳನ್ನು ಮೊದಲು ಪ್ರಾರ್ಥನೆಯಾಗಿ ತಿದ್ದಿ, ಬಳಿಕ ಕೇಳಿಸಿಕೊಳ್ಳುವ ಕ್ರಮ ಅಲ್ಲಿಲ್ಲ. ಅತೃಪ್ತಿಯನ್ನು ಕಂಡಕೂಡಲೇ ಅದನ್ನು ಆತ್ಮಿಕ ಬಾಯಾರಿಕೆಯೆಂದು ಭಾಷಾಂತರಿಸುವ ಚಾಳಿ ನಮ್ಮಲ್ಲಿ ಎಷ್ಟು ಬೇರೂರಿದೆಯೆಂದರೆ, ಗದ್ದೆ ಬೇಕು ಎಂದವನ ಮಾತು ನಮಗೆ ದೇವರು ಬೇಕು ಎಂದಂತೆ ಕೇಳಿಸುತ್ತದೆ.

ಇಷ್ಟು ಹೇಳಿದ ಮೇಲೆ ಕಾದಂಬರಿಯ ಮಿತಿಯನ್ನೂ ಹೇಳಬೇಕು. ಚೋಮನಿಗೆ ದುಡಿಯಿದೆ, ಮಾತಿಲ್ಲ. ಅವನ ಸಿಟ್ಟು ಧನಿಯ ಅಂಗಳವನ್ನು ದಾಟಿ ಒಳಗೆ ಹೋಗುವುದಿಲ್ಲ. ಅದು ಮಗಳ ಮೈಮೇಲೆ ಇಳಿಯುತ್ತದೆ, ಕೊನೆಗೆ ತನ್ನ ಮೇಲೆಯೇ. ಬ್ರಾಹ್ಮಣ ಕುಲದಲ್ಲಿ ಹುಟ್ಟಿದ ಲೇಖಕನ ಮರುಕವು ಎಷ್ಟೇ ಪ್ರಾಮಾಣಿಕವಾಗಿರಲಿ, ಅದು ನೋಡುತ್ತದೆ, ಕರಗುತ್ತದೆ. ಎದ್ದುನಿಲ್ಲುವ ಚೋಮನನ್ನು ಅದು ಊಹಿಸಿಕೊಳ್ಳಲಾರದು. 1975ರಲ್ಲಿ ಬಿ. ವಿ. ಕಾರಂತರು ಇದನ್ನು ಚಲನಚಿತ್ರವಾಗಿ ಮಾಡಿದಾಗ ಅದಕ್ಕೆ ರಾಷ್ಟ್ರಮಟ್ಟದ ಸ್ವರ್ಣಕಮಲವೂ ಚೋಮನಾಗಿ ನಟಿಸಿದ ವಾಸುದೇವ ರಾಯರಿಗೆ ಶ್ರೇಷ್ಠ ನಟ ಪ್ರಶಸ್ತಿಯೂ ಬಂದವು. ಚಿತ್ರ ಗಂಭೀರವಾದದ್ದು, ವಾಸುದೇವ ರಾಯರ ಮುಖವನ್ನು ಮರೆಯಲಾಗದು. ಆದರೂ ಅದು ತೆರೆಗೆ ಬಂದ ಕಾಲವನ್ನು ಗಮನಿಸಿದರೆ ಒಂದು ವಿಚಿತ್ರ ಕಾಣುತ್ತದೆ. ಎರಡು ವರುಷ ಮುಂಚೆ, 1973ರಲ್ಲಿ, ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದು ಹೇಳಿ, ಗಲಭೆಯೆದ್ದು, ಅಧಿಕಾರ ಬಿಡಬೇಕಾಗಿ ಬಂದಿತ್ತು. ಆ ಗಲಭೆಯ ಬೆನ್ನಿಗೆ ದಲಿತ ಸಂಘರ್ಷ ಸಮಿತಿಯು ರೂಪುಗೊಂಡಿತು. ಚಿತ್ರ ಬಂದ 1975ರಲ್ಲೇ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಪ್ರಕಟವಾಯಿತು. ತೆರೆಯ ಮೇಲೆ ಚೋಮ ಬಾಗಿಲು ಮುಚ್ಚಿಕೊಂಡು ಸಾಯುತ್ತಿದ್ದ ಹೊತ್ತಿನಲ್ಲಿ ಅವನ ಮೊಮ್ಮಕ್ಕಳು ಬೀದಿಯಲ್ಲಿ ಹಾಡುತ್ತಿದ್ದರು. ಪ್ರಶಸ್ತಿ ಕೊಟ್ಟ ದೇಶಕ್ಕೆ ಸಾಯುವವನೇ ಹೆಚ್ಚು ಹಿತವಾದನೆ ಎಂಬ ಅನುಮಾನ ನಮ್ಮನ್ನು ಬಿಡುವುದಿಲ್ಲ.

ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲರು ದಲಿತ ದೈವಶಾಸ್ತ್ರಕ್ಕೆ ದಾರಿತೆಗೆದ ತಮ್ಮ ಉಪನ್ಯಾಸವನ್ನು ಕೊಟ್ಟದ್ದು 1981ರಲ್ಲಿ. ಧರ್ಮೋಪದೇಶಕಾಂಡ 26ರಲ್ಲಿ ಅಲೆಮಾರಿ ಪಿತೃವನ್ನು ನೆನೆಯುವ ಅರಿಕೆಯನ್ನು ಅವರು ಆಧಾರವಾಗಿ ಹಿಡಿದರು. ನೋವನ್ನು ಅನುಭವಿಸುವುದೇ ದೇವರನ್ನು ಅರಿಯುವ ದಾರಿಯೆಂದು ಒತ್ತಿ ಹೇಳಿದರು. ಅದರ ಋಣ ನಮ್ಮ ಮೇಲಿದೆ. ಆದರೆ ನೋವೊಂದನ್ನೇ ನೆಚ್ಚಿದ ದೈವಶಾಸ್ತ್ರವು ಮೆಲ್ಲಗೆ ಚೋಮನ ಮಾದರಿಗೇ ಜಾರಿಬಿಡುವ ಅಪಾಯವುಂಟು. ಈ ಅಪಾಯಕ್ಕೆ ನಮಗೆ ಸಿಕ್ಕಿರುವ ಮದ್ದು ‘ಒಡಲಾಳ’.

ಸಾಕವ್ವ ಎಂಬ ಮುದುಕಿ ಕಳೆದುಹೋದ ತನ್ನ ಹುಂಜವನ್ನು ಹುಡುಕುತ್ತಾಳೆ. ಅಷ್ಟರಿಂದ ಆ ನೀಳ್ಗತೆ ಶುರುವಾಗುತ್ತದೆ. ಮನೆತುಂಬ ಜನ, ಹಸಿವು, ಬೈಗುಳ, ಪಾಲಿನ ಜಗಳ. ರಾತ್ರಿ ಮಗನೊಬ್ಬ ಕಡಲೆಕಾಯಿಯ ಮೂಟೆಯನ್ನು ಹೊತ್ತು ತರುತ್ತಾನೆ, ಕದ್ದ ಮಾಲು. ಇಡೀ ಸಂಸಾರ ಬೆಂಕಿಯ ಸುತ್ತ ಕುಳಿತು ಇರುಳೆಲ್ಲ ಅದನ್ನು ಸುಟ್ಟು ತಿನ್ನುತ್ತದೆ. ಪೊಲೀಸರು ಬರುವ ಹೊತ್ತಿಗೆ ಸಾಕ್ಷಿಯೆಲ್ಲ ಹೊಟ್ಟೆಯೊಳಗೆ. ಗೋಡೆಯ ಮೇಲೆ ಹುಡುಗಿ ಪುಟ್ಟಗೌರಿ ಬರೆದ ನವಿಲು. ಇಲ್ಲಿ ಅನ್ಯಾಯವಿಲ್ಲವೆ? ಇದೆ, ಚೋಮನ ಊರಿಗಿಂತ ಕಡಿಮೆಯೇನೂ ಇಲ್ಲ. ಆದರೆ ಆ ಜನ ತಮ್ಮ ಅನ್ಯಾಯದ ಮೊತ್ತವಷ್ಟೇ ಆಗಿ ಉಳಿದಿಲ್ಲ. ಅವರಿಗೆ ನಗು ಇದೆ, ಲೆಕ್ಕಾಚಾರವಿದೆ, ಸುಳ್ಳಿದೆ, ಚಿತ್ರ ಬರೆಯುವ ಕೈಯಿದೆ. ನಾಡಿನ ಶಿಷ್ಟ ಗದ್ಯವನ್ನು ಬಿಟ್ಟು ಅವರ ಬಾಯಿಮಾತಿನಲ್ಲೇ ಕಥೆ ನಡೆಯುವುದರಿಂದ ಓದುಗನು ಮರುಕದ ಜಗುಲಿಯ ಮೇಲೆ ಕೂರಲು ಜಾಗವೇ ಸಿಗುವುದಿಲ್ಲ. ಕೇಳಿಸಿಕೊಳ್ಳಬೇಕು, ಅಷ್ಟೇ.

ಆ ಕಡಲೆಕಾಯಿಯ ಇರುಳನ್ನು ಪವಿತ್ರ ಭೋಜನವೆಂದು ಕರೆಯುವ ಆಸೆ ದೈವಶಾಸ್ತ್ರದ ವಿದ್ಯಾರ್ಥಿಗೆ ಬಂದೇ ಬರುತ್ತದೆ, ನಮಗೂ ಬರುತ್ತದೆ. ಸುತ್ತ ಕುಳಿತವರು, ಹಂಚಿದ ಆಹಾರ, ಹೊರಗೆ ಕಾದಿರುವ ಸೈನಿಕರಂಥ ಪೊಲೀಸರು, ಎಲ್ಲವೂ ಒದಗಿಬರುವಂತಿದೆ. ನಾವು ಬೇಡವೆನ್ನುತ್ತೇವೆ. ಕಡಲೆಕಾಯಿಯನ್ನು ಸಂಸ್ಕಾರವಾಗಿ ಏರಿಸಿದೊಡನೆ ಅದು ಕದ್ದದ್ದು ಎಂಬುದು ಮರೆಯಾಗುತ್ತದೆ, ಕದಿಯುವಂತೆ ಮಾಡಿದ ಹಸಿವೂ ಮರೆಯಾಗುತ್ತದೆ. ಬೇಕಿದ್ದರೆ ಹೋಲಿಕೆಯನ್ನು ತಿರುಗಿಸಿ ನೋಡಬಹುದು: ಭಾನುವಾರ ನಮ್ಮ ಮೇಜಿನ ಸುತ್ತ ಕೂಡುವವರಲ್ಲಿ, ಸಾಕವ್ವನ ಮನೆಯವರು ಬಂದು ಮೊಣಕಾಲೂರಿದರೆ, ಪಕ್ಕದಿಂದ ಎದ್ದು ಸರಿಯುವವರು ಎಷ್ಟು ಮಂದಿ? 1 ಕೊರಿಂಥ 11ರಲ್ಲಿ ಪೌಲನು ಸಿಡುಕುವುದು ಇದೇ ಸಂಗತಿಗೆ. ಒಬ್ಬನು ಹಸಿದಿರುವಾಗ ಮತ್ತೊಬ್ಬನು ಉಂಡು ಮತ್ತನಾಗಿರುವ ಭೋಜನಕ್ಕೆ ಅವನು ಕರ್ತನ ಹೆಸರನ್ನು ಕೊಡಲು ಒಪ್ಪುವುದಿಲ್ಲ.

ಈಗ ‘ಕಾಂತಾರ’ಕ್ಕೆ ಬರೋಣ. ರಿಷಬ್ ಶೆಟ್ಟಿಯವರು ಬರೆದು, ನಿರ್ದೇಶಿಸಿ, ನಟಿಸಿದ ಈ ಚಿತ್ರ 2022ರ ಸೆಪ್ಟೆಂಬರ್ 30ರಂದು ಬಿಡುಗಡೆಯಾಗಿ, ಕನ್ನಡದ ಗಡಿಯನ್ನು ದಾಟಿ ದೇಶವೆಲ್ಲ ಓಡಿತು. ನಮ್ಮ ಸಭೆಗಳ ಯುವಜನರಲ್ಲಿ ಅದನ್ನು ನೋಡದವರು ಕಡಿಮೆ. ಸಭಾಪಾಲಕರಲ್ಲಿ ಕೆಲವರು ಅದನ್ನು ಭೂತಾರಾಧನೆಯ ಪ್ರಚಾರವೆಂದು ಖಂಡಿಸಿ ಮುಗಿಸಿದರು. ಅಷ್ಟಕ್ಕೇ ಮುಗಿಸುವುದು ಸೋಮಾರಿತನ. ಕರಾವಳಿಯ ಭೂತಗಳನ್ನು ಪಿಶಾಚಿಗಳೆಂದು ಬೋಧಿಸಿದ ಬಾಸೆಲ್ ಮಿಷನ್ನಿನಲ್ಲೇ ಇದ್ದ ಮ್ಯಾನರ್ ಎಂಬವರು ತುಳು ನಿಘಂಟನ್ನು ಕಟ್ಟುವುದರ ಜತೆಗೆ ಭೂತಗಳ ಪಾಡ್ದನಗಳನ್ನೂ ಕಲೆಹಾಕಿ ಅಚ್ಚುಹಾಕಿಸಿದರು. ಒಪ್ಪದಿದ್ದರೂ ಕೇಳಿಸಿಕೊಳ್ಳುವ ಆ ತಾಳ್ಮೆ ಹತ್ತೊಂಬತ್ತನೆಯ ಶತಮಾನದಲ್ಲಿ ಸಾಧ್ಯವಾಗಿತ್ತು.

ಚಿತ್ರದ ಕಥೆಯಲ್ಲಿ ಅರಸನೊಬ್ಬ 1847ರಲ್ಲಿ ಮನಶ್ಶಾಂತಿಗಾಗಿ ದೈವವನ್ನು ಬೇಡಿ, ಬದಲಿಗೆ ಕಾಡಂಚಿನ ನೆಲವನ್ನು ಜನರಿಗೆ ಬಿಟ್ಟುಕೊಡುತ್ತಾನೆ. ಪಂಜುರ್ಲಿಯು ಆ ಮಾತಿಗೆ ಸಾಕ್ಷಿ. ಮಾತು ಮುರಿದರೆ ಗುಳಿಗ ಬಿಡನು. ಮುಂದಿನ ತಲೆಮಾರುಗಳಲ್ಲಿ ಅರಸನ ವಂಶದವರು ನೆಲವನ್ನು ಹಿಂದೆ ಕಸಿಯಲು ನೋಡುತ್ತಾರೆ. 1990ರ ಭಾಗದಲ್ಲಿ ಅರಣ್ಯ ಇಲಾಖೆಯೂ ಸರ್ವೆ, ಬೇಲಿಗಳೊಂದಿಗೆ ಬರುತ್ತದೆ. ಚೋಮನನ್ನು ಹಿಂದಕ್ಕೆ ಕಳುಹಿಸಿದ ಪಂಜುರ್ಲಿ ಇಲ್ಲಿ ನೆಲದ ಜಾಮೀನುದಾರ. ಇದು ಸಣ್ಣ ಬದಲಾವಣೆಯಲ್ಲ. 1933ರ ಚೋಮನಲ್ಲಿ ಬಿಡಿಬಿಡಿಯಾಗಿದ್ದ ನೆಲ ಮತ್ತು ತನ್ನತನ ಇಲ್ಲಿ ಒಂದೇ ಕಡೆ ಸೇರಿವೆ. ಪಿತ್ರಾರ್ಜಿತ ದ್ರಾಕ್ಷಾತೋಟವನ್ನು ಅರಸನಿಗೆ ಮಾರಲೊಲ್ಲದ ನಾಬೋತನು (1 ಅರಸುಗಳು 21) ಈ ಕಥೆಯನ್ನು ಕೂಡಲೇ ಅರ್ಥಮಾಡಿಕೊಳ್ಳುತ್ತಿದ್ದನು. ನಾಬೋತನಿಗೂ ಭೂಮಿಯು ದೇವರ ಮುಂದೆ ಕೊಟ್ಟ ಮಾತಿನ ವಿಷಯವಾಗಿತ್ತು. ಜನ ಚಿತ್ರಮಂದಿರಗಳಲ್ಲಿ ಮೈನವಿರೇಳಿ ಕುಳಿತದ್ದು ಬರೀ ಬಣ್ಣ, ಸದ್ದುಗಳಿಗೆ ಎಂದು ನಾವು ನಂಬುವುದಿಲ್ಲ.

ಹಾಗಿದ್ದೂ ಚಿತ್ರವು ತಾನು ಎತ್ತಿದ ಪ್ರಶ್ನೆಯಿಂದ ತಪ್ಪಿಸಿಕೊಳ್ಳುತ್ತದೆ. ಅದರ ಅತ್ಯಂತ ನಿಜವಾದ ಭಾಗವೆಂದರೆ ಲೀಲಾ. ಅದೇ ಊರಿನ ಹುಡುಗಿ, ಅರಣ್ಯ ರಕ್ಷಕಿಯ ಕೆಲಸ ಸಿಕ್ಕು ಖಾಕಿ ತೊಟ್ಟು, ತನ್ನವರ ಮನೆಗಳ ಎದುರು ಬೇಲಿ ಹಾಕುವವರೊಂದಿಗೆ ನಿಲ್ಲಬೇಕಾಗುತ್ತದೆ. ಅನ್ಯಾಯವು ನಮ್ಮ ಕಾಲದಲ್ಲಿ ಸಂಬಳದ ರೂಪದಲ್ಲಿ ಮನೆಯೊಳಕ್ಕೆ ಬರುವ ಬಗೆ ಆ ಕೆಲವು ದೃಶ್ಯಗಳಲ್ಲಿದೆ. ಚಿತ್ರವು ಅವಳನ್ನು ಬೇಗನೆ ನಾಯಕನ ಪ್ರೇಮಕಥೆಗೆ ಬಿಟ್ಟುಕೊಡುತ್ತದೆ. ಕೇಡೆಲ್ಲವೂ ದೇವೇಂದ್ರ ಎಂಬ ಧನಿಯೊಬ್ಬನಲ್ಲಿ ಗಡ್ಡೆಕಟ್ಟುತ್ತದೆ. ಸಂಕಪ್ಪಯ್ಯನನ್ನು ಕೊಂದರೂ ಚೋಮನಿಗೆ ಗದ್ದೆ ಸಿಗುತ್ತಿರಲಿಲ್ಲ. ದೇವೇಂದ್ರನನ್ನು ಗುಳಿಗ ಕೊಂದರೆ ‘ಕಾಂತಾರ’ದಲ್ಲಿ ಎಲ್ಲವೂ ಸರಿಹೋಗುತ್ತದೆ. ಕೊನೆಗೆ ದೈವವು ಊರವರ ಕೈಗಳನ್ನೂ ಅರಣ್ಯಾಧಿಕಾರಿ ಮುರಳಿಯ ಕೈಯನ್ನೂ ಒಟ್ಟುಗೂಡಿಸಿ ಎದೆಗೆ ಒತ್ತಿಕೊಂಡು ಕಾಡಿನೊಳಗೆ ಮರೆಯಾಗುತ್ತದೆ. ಆ ದೃಶ್ಯಕ್ಕೆ ಶಕ್ತಿಯಿದೆ, ಒಪ್ಪಿದೆವು. ಬೇಲಿ ಏನಾಯಿತು, ಪಟ್ಟಾ ಯಾರ ಹೆಸರಿಗೆ ಬಂತು ಎಂದು ಕೇಳುವ ಮನಸ್ಸನ್ನೇ ಅಡಗಿಸುವ ಶಕ್ತಿ ಅದು. ಮತ್ತೊಂದು ಮೌನವೂ ಇದೆ. ಭೂತಕೋಲ ಕಟ್ಟುವವರು ನಲಿಕೆ, ಪಂಬದ, ಪರವ ಮುಂತಾದ ಸಮುದಾಯದವರು. ಕೋಲದ ರಾತ್ರಿ ಧನಿಯೂ ಅವರ ಮುಂದೆ ಕೈಮುಗಿಯಬೇಕು, ಅಭಯ ಬೇಡಬೇಕು. ಬೆಳಗಾದರೆ ಅವರು ಮತ್ತೆ ಅಂಗಳದಾಚೆಗಿನವರು. ಅನ್ಯಾಯದ ಈ ಸೂಕ್ಷ್ಮವಾದ ಯಂತ್ರವೇ ಒಂದು ಚಿತ್ರಕ್ಕೆ ಸಾಕಾಗಿತ್ತು. ‘ಕಾಂತಾರ’ವು ರಾತ್ರಿಯನ್ನು ಬೆರಗಿನಿಂದ ತೋರಿಸಿ, ಬೆಳಗಿನ ಪಾಡನ್ನು ಅಂಚಿಗೆ ಸರಿಸಿಬಿಟ್ಟಿದೆ.

ಇದನ್ನು ದೂರುವ ಮುನ್ನ ನಮ್ಮ ಕನ್ನಡಿಯನ್ನೂ ನೋಡಿಕೊಳ್ಳಬೇಕಾಗುತ್ತದೆ. ಉಜ್ಜೀವನ ಕೂಟಗಳ ಸಾಕ್ಷಿಗಳಲ್ಲಿ ಅತೃಪ್ತಿಯು ಕಣ್ಣೀರಾಗಿ, ಕಣ್ಣೀರು ಬಿಡುಗಡೆಯಾಗಿ, ಎಲ್ಲರ ಕೈಗಳು ಒಟ್ಟಾಗಿ ಮೇಲೇಳುವ ಕ್ರಮಕ್ಕೂ ಆ ಕೊನೆಯ ದೃಶ್ಯಕ್ಕೂ ಕಟ್ಟುವಿಕೆಯಲ್ಲಿ ಹೆಚ್ಚಿನ ಅಂತರವಿಲ್ಲ.

ಈ ಎರಡೂ ಕಥನಗಳಲ್ಲಿ ಗುರುವ ಎಂಬ ಹೆಸರಿನವನೊಬ್ಬನಿದ್ದಾನೆ. ‘ಕಾಂತಾರ’ದ ಗುರುವ ಕೋಲ ಕಟ್ಟುವವನು, ಧನಿಯ ಪರವಾಗಿ ದೈವದ ನುಡಿ ಕೊಡಲು ಒಪ್ಪದೆ ಕೊಲೆಯಾಗುತ್ತಾನೆ. ಅವನ ಸಾವು ಕಥೆಯನ್ನು ತಿರುಗಿಸುತ್ತದೆ. ‘ಚೋಮನ ದುಡಿ’ಯ ಗುರುವ ಸಾಯುವುದಿಲ್ಲ. ಘಟ್ಟದ ಮೇಲೆ ಮದುವೆಯಾಗಿ ಉಳಿದುಕೊಳ್ಳುತ್ತಾನೆ, ಚೋಮನ ಪಾಲಿಗೆ ಕಳೆದುಹೋಗುತ್ತಾನೆ, ಕಾರಂತರೂ ಅವನ ಹಿಂದೆ ಹೋಗುವುದಿಲ್ಲ. ಕಾದಂಬರಿಯು ಚೋಮನದಾದುದರಿಂದ ಅದು ಸಹಜ. ಆದರೆ ನಾವು ಗುರುವನ ಕಡೆಯವರು. ಅವನು ಭಾನುವಾರ ಯಾವ ಬೆಂಚಿನ ಮೇಲೆ ಕುಳಿತನು? ರೈಟರ್ ಮನ್ವೇಲನೂ ಅವನೂ ಒಂದೇ ಪಾತ್ರೆಯಿಂದ ಕುಡಿದರೆ? ಅವನ ಮಗಳಿಗೆ ಗಂಡು ಹುಡುಕುವಾಗ ಸಭೆಯ ಹಿರಿಯರು ಏನು ಕೇಳಿದರು? ಕನ್ನಡ ಸಾಹಿತ್ಯವು ಅವನನ್ನು ಘಟ್ಟದ ಮೇಲೆ ಬಿಟ್ಟುಬಂದದ್ದಕ್ಕೆ ಸಾಹಿತ್ಯವನ್ನು ಹೊಣೆಮಾಡುವ ಹಕ್ಕು ನಮಗಿಲ್ಲ, ಅವನ ವಿಳಾಸ ಇದ್ದದ್ದು ನಮ್ಮ ಹತ್ತಿರ.

ಈ ಮೌನಕ್ಕೆ ಕಾನೂನಿನಲ್ಲಿ ಬೆಲೆ ತೆರಬೇಕಾಗಿ ಬಂದಿದೆ. 1950ರ ರಾಷ್ಟ್ರಪತಿ ಆಜ್ಞೆಯ ಮೂರನೆಯ ಕಂಡಿಕೆಯ ಪ್ರಕಾರ ಪರಿಶಿಷ್ಟ ಜಾತಿಯ ಮಾನ್ಯತೆ ಹಿಂದೂಗಳಿಗೆ ಮಾತ್ರ. 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಸೇರಿಸಲಾಯಿತು. ಕ್ರೈಸ್ತರಾದ ದಲಿತರು ಹೊರಗುಳಿದರು. ದೀಕ್ಷಾಸ್ನಾನದ ನೀರಿನಲ್ಲಿ ಜಾತಿ ತೊಳೆದುಹೋಗುತ್ತದೆಂದು ಸರ್ಕಾರವು ನಮಗಿಂತ ದೃಢವಾಗಿ ನಂಬಿದಂತಿದೆ. ರಸ್ತೆಬದಿಯಲ್ಲಿ ಪಾದರಕ್ಷೆ ಹೊಲಿಯುತ್ತಿದ್ದ ಕ್ರೈಸ್ತನೊಬ್ಬ, ಅದೇ ಕಸುಬಿನ ಹಿಂದೂಗಳಿಗೆ ಕೊಟ್ಟ ಅಂಗಡಿಯ ಸೌಲಭ್ಯ ತನಗೆ ಸಿಗದಿದ್ದುದನ್ನು ಪ್ರಶ್ನಿಸಿದ ಸೂಸೈ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1985ರಲ್ಲಿ ತೀರ್ಪು ಕೊಟ್ಟಿತು. ಮತಾಂತರದ ಬಳಿಕವೂ ಕ್ರೈಸ್ತ ಸಮುದಾಯದೊಳಗೆ ಜಾತಿಯ ಬಾಧೆಗಳು ಅಷ್ಟೇ ತೀವ್ರವಾಗಿ ಮುಂದುವರಿದಿವೆಯೆಂದು ತೋರಿಸುವ ಸಾಮಗ್ರಿ ತನ್ನ ಮುಂದೆ ಸಾಕಷ್ಟಿಲ್ಲ ಎಂಬುದು ನ್ಯಾಯಾಲಯದ ನಿಲುವು. ಸಾಮಗ್ರಿ ಹೇಗೆ ಇದ್ದೀತು? ನಮ್ಮ ಸಭೆಗಳು ಬರೆದುಕೊಂಡ ಚರಿತ್ರೆಗಳೂ ಸಾಕ್ಷಿಗಳೂ ಕತ್ತಲೆಯಿಂದ ಬೆಳಕಿಗೆ ಎಂಬ ಒಂದೇ ರೇಖೆಯಲ್ಲಿ ಸಾಗುತ್ತವೆ. ಬೆಳಕಿಗೆ ಬಂದ ಮೇಲೆ ಗುರುವನನ್ನು ಹಿಂದಿನ ಸಾಲಿನಲ್ಲಿ ಕೂರಿಸಿದೆವು ಎಂದು ಯಾರೂ ಬರೆದಿಡುವುದಿಲ್ಲ. ‘ಕಾಂತಾರ’ ಬಿಡುಗಡೆಯಾದ ಬೆನ್ನಿಗೇ, 2022ರ ಅಕ್ಟೋಬರಿನಲ್ಲಿ, ಕೇಂದ್ರ ಸರ್ಕಾರವು ನಿವೃತ್ತ ಮುಖ್ಯ ನ್ಯಾಯಮೂರ್ತಿ ಕೆ. ಜಿ. ಬಾಲಕೃಷ್ಣನ್ ಅವರ ಅಧ್ಯಕ್ಷತೆಯಲ್ಲಿ ಇದೇ ಪ್ರಶ್ನೆಯನ್ನು ಪರಿಶೀಲಿಸಲು ಆಯೋಗವೊಂದನ್ನು ನೇಮಿಸಿತು. ನಮ್ಮ ಯುವಕರು ಪಂಜುರ್ಲಿಯ ಕೂಗನ್ನು ಅನುಕರಿಸುತ್ತಿದ್ದ ದಿನಗಳವು. ಆಯೋಗದ ಸುದ್ದಿ ನಮ್ಮ ಪ್ರಸಂಗಪೀಠಗಳಲ್ಲಿ ಅಷ್ಟಾಗಿ ಕೇಳಿಬರಲಿಲ್ಲ.

ಗುರುವನ ಕಥೆಯ ಸಾಮಗ್ರಿ ಇಲ್ಲವೆಂದಲ್ಲ. ಹಳೆಯ ಸಭೆಗಳ ಕಪಾಟುಗಳಲ್ಲಿ ದೀಕ್ಷಾಸ್ನಾನದ, ಮದುವೆಯ, ಸಮಾಧಿಯ ದಾಖಲೆಪುಸ್ತಕಗಳಿವೆ. ಯಾರು ಯಾರ ಮನೆಗೆ ಹೆಣ್ಣು ಕೊಟ್ಟರು, ಯಾರು ಕೊಡಲಿಲ್ಲ, ಸಾಕ್ಷಿಯಾಗಿ ಯಾರು ರುಜು ಹಾಕಿದರು, ಯಾರು ಹೆಬ್ಬೆಟ್ಟು ಒತ್ತಿದರು, ಸಮಾಧಿಭೂಮಿಯ ಯಾವ ಮೂಲೆಯಲ್ಲಿ ಯಾರನ್ನು ಹೂಳಲಾಯಿತು ಎಂಬುದನ್ನು ಅವುಗಳಿಂದ ತಿಳಿಯಬಹುದು. ಕಾದಂಬರಿಯನ್ನು ಓದಲು ಕಲಿತವನು ಅವುಗಳನ್ನೂ ಓದಬಲ್ಲನು. ಪದವಿಗಾಗಿ ಪ್ರಬಂಧದ ವಿಷಯ ಹುಡುಕುತ್ತಿರುವ ವಿದ್ಯಾರ್ಥಿಗಳು ಗೆದ್ದಲು ಮುಟ್ಟುವ ಮೊದಲೇ ಆ ಪುಸ್ತಕಗಳನ್ನು ಕೆಳಗಿಳಿಸಿ ತೆರೆಯಬಹುದು.